ಮಹಡಿ ಅಕ್ಕನ ಎರಡು ಕದ

೧೯೫೬ನೆಯ ಇಸವಿಯ ಗೌರಿ ಹಬ್ಬ ಕಳೆದ ವಾರ, ಲಷ್ಕರ್ ಮೊಹಲ್ಲಾದ ನಮ್ಮ ವಠಾರದ ಮಹಡಿ ಮನೆಗೆ ಹಳ್ಳಿಯಿಂದ ಇಬ್ಬರು ಬಂದರು. ಒಬ್ಬರು ಮಹಡಿ ಅಕ್ಕನ ಅತ್ತೆ, ಇನ್ನೊಬ್ಬರು ಗಂಡನ ಅಣ್ಣ. ಯುದ್ಧಕ್ಕೆ ಹೋಗಿ ಹನ್ನೆರಡು ವರ್ಷಕ್ಕೂ ಮೇಲಾಗಿ ಸುದ್ದಿಯಿಲ್ಲದ ಮಗನ ಉತ್ತರಕ್ರಿಯೆ ಮಾಡಿ ಮುಗಿಸಬೇಕು, ಅದಕ್ಕೆ ಸೊಸೆ ಒಪ್ಪಬೇಕು ಎಂದು ಕೇಳಲು ಬಂದಿದ್ದರು. ಅವರು ಮೆಟ್ಟಿಲು ಹತ್ತಿ ಬಂದಾಗ ಅಕ್ಕ ನೇಯ್ಗೆಯ ಚೌಕಟ್ಟಿನ ಮುಂದೆ ಕುಳಿತಿದ್ದರು. ಎಡಗೈಯ ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಎಂಟರ ಆಕಾರದಲ್ಲಿ ಖಾಕಿ ಉಣ್ಣೆ ಸುತ್ತಿಕೊಂಡಿತ್ತು. ಆ ಉಣ್ಣೆ ಗಂಡನ ಸ್ವೆಟರಿನದು. ನಾನು ಪಕ್ಕದಲ್ಲಿದ್ದೆ.

ಅಕ್ಕ ನಮಗೆ ನೆಂಟರೇನಲ್ಲ. ವಠಾರದ ಕೆಳಗಿನ ಮನೆಯಲ್ಲಿ ನಾವು, ಮೇಲಿನ ಒಂದೇ ಕೋಣೆಯಲ್ಲಿ ಅವರು. ಅಷ್ಟರಿಂದಲೇ ಅವರು ಎಲ್ಲರಿಗೂ ಮಹಡಿ ಅಕ್ಕ ಆಗಿದ್ದರು. ಅವರಿಗಿಂತ ಹಿರಿಯಳಾದ ನಮ್ಮಮ್ಮನೂ ಹಾಗೆಯೇ ಕರೆಯುತ್ತಿದ್ದಳು. ತಿರುಮಕೂಡಲಿನ ಕಡೆಯ ಒಕ್ಕಲುತನದ ಮನೆತನ. ಎತ್ತರದ ಆಳು, ಕಪ್ಪಗೆ, ಹಣೆಯ ಮೇಲೆ ದೊಡ್ಡ ದುಂಡು ಕುಂಕುಮ. ಬಲಗೈ ತೋರುಬೆರಳಿನ ಉಗುರಿನ ತುದಿಯಲ್ಲಿ ನೂಲು ಉಜ್ಜಿ ಉಜ್ಜಿ ಬಿದ್ದ ಒಂದು ಸಣ್ಣ ಕಚ್ಚು. ಬೆಳಗಿನ ಹೊತ್ತು ಮಕ್ಕಳ ಶಾಲೆಯೊಂದರಲ್ಲಿ ಆಯಾ ಆಗಿ ದುಡಿದು, ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿ, ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಚೌಕಟ್ಟಿನ ಮುಂದೆ ಕೂರುತ್ತಿದ್ದರು.

ಅವರ ಒಂದು ಅಭ್ಯಾಸ ವಠಾರಕ್ಕೆಲ್ಲ ಗೊತ್ತಿತ್ತು. ಹೊರಗೆ ಹೋಗುವಾಗ ಬಾಗಿಲ ಕದಗಳನ್ನು ಎಳೆದುಕೊಳ್ಳುತ್ತಿದ್ದರೇ ಹೊರತು ಬೀಗ ಹಾಕುತ್ತಿರಲಿಲ್ಲ. ನಮ್ಮಮ್ಮ ಗದರಿಸುತ್ತಿದ್ದಳು, "ಯಾರಾದ್ರೂ ನುಗ್ಗಿದ್ರೆ ಏನ್ ಗತಿ ಅಕ್ಕ?"

"ಕದಿಯಾಕೆ ಏನೈತೆ ಅಂತ ಬತ್ತಾರೆ ಅಮ್ಮಾರೆ? ಮುಳ್ಳುಚಮಚ ತಕ್ಕೊಂಡೋಗ್ಲಿ, ಹಪ್ಪಳ ತಿನ್ನಾಕಾದ್ರೂ ಆಯ್ತದೆ."

ಮುಳ್ಳುಚಮಚದ ಕತೆ ಹೀಗೆ. ಗಂಡ ಸೈನ್ಯದಲ್ಲಿ ಲಾರಿ ಡ್ರೈವರಾಗಿ ಸೇರಿ ಬರ್ಮಾ ಗಡಿಯ ಕಡೆ ಹೋದ ಮೇಲೆ ಅಕ್ಕ ನಜರಬಾದಿನ ಬಂಗಲೆಯೊಂದರಲ್ಲಿ ದೊರೆಸಾನಿಯ ಮಗುವನ್ನು ನೋಡಿಕೊಳ್ಳುತ್ತಿದ್ದರು. ದೊರೆಸಾನಿಗೆ ಬಣ್ಣದ ಉಣ್ಣೆಯಲ್ಲಿ ಸಣ್ಣ ಸಣ್ಣ ಚಿತ್ರ ನೇಯುವ ಹುಚ್ಚು. ಮಗು ಮಲಗಿದಾಗ ಅವರು ನೇಯುವುದನ್ನು ನೋಡುತ್ತ ನೋಡುತ್ತ ಅಕ್ಕ ಕಲಿತರು. ೧೯೪೭ರಲ್ಲಿ ದೊರೆಸಾನಿ ತಮ್ಮ ದೇಶಕ್ಕೆ ಹೊರಟಾಗ ಸಾಮಾನನ್ನೆಲ್ಲ ಆಳುಗಳಿಗೆ ಹಂಚಿದರಂತೆ. ಅಡುಗೆಯವನು ಗ್ರಾಮಫೋನು ಕೇಳಿದ, ಮಾಲಿ ಸೈಕಲ್ಲು ಕೇಳಿದ. ಅಕ್ಕ ಕೇಳಿದ್ದು ತೇಗದ ಚೌಕಟ್ಟು, ಮತ್ತು ಅದರಲ್ಲಿ ನೂಲು ಕುಟ್ಟಿ ಕೂರಿಸುವುದಕ್ಕೆ ದೊರೆಸಾನಿ ಬಳಸುತ್ತಿದ್ದ ಊಟದ ಮುಳ್ಳುಚಮಚ.

ಪ್ರತಿವರ್ಷ ಗೌರಿ ಹಬ್ಬಕ್ಕೆ ನಮ್ಮಮ್ಮ ಕೊಡುತ್ತಿದ್ದ ಮೊರದ ಬಾಗಿನಗಳಲ್ಲಿ ಒಂದು ಮಹಡಿಗೆ ಹೋಗುತ್ತಿತ್ತು. ಬಾಗಿನ ಮುತ್ತೈದೆಯರಿಗೆ ಮಾತ್ರ ಸಲ್ಲುವಂಥದು. ಗಂಡನ ಸುದ್ದಿಯಿಲ್ಲದವರಿಗೆ ಕೊಡಬಹುದೇ ಎಂದು ಯಾರೂ ಕೇಳಿರಲಿಲ್ಲ. ಸರ್ಕಾರದಿಂದ ಬಂದ ಕಾಗದದಲ್ಲಿ ಇದ್ದದ್ದು "ಕಾಣೆಯಾಗಿದ್ದಾರೆ" ಎಂಬ ಒಂದು ಮಾತು. "ಕಾಣೆ ಅಂದ್ರೆ ಕಾಣೆ, ಅಷ್ಟೇಯ. ಅದಕ್ಕಿಂತ ಹೆಚ್ಗೆ ಅವ್ರೂ ಬರ್ದಿಲ್ಲ, ನಾನೂ ಓದಾಕಿಲ್ಲ" ಎನ್ನುತ್ತಿದ್ದರು ಅಕ್ಕ.

ನಾನು ಅವರ ಬಳಿ ನೇಯ್ಗೆಗೆ ಹೋದದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ಆ ವರ್ಷ ಎಸ್.ಎಸ್.ಎಲ್.ಸಿ. ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಆಗಿನ ಕಾಲಕ್ಕೆ ಹೆಣ್ಣು ನೋಡಲು ಬಂದವರ ಕಣ್ಣು ಮೊದಲು ಹೋಗುತ್ತಿದ್ದದ್ದು ಗೋಡೆಗೆ. ಹುಡುಗಿ ಮಾಡಿದ ಮಣಿಯ ಗಿಳಿ, ಕಸೂತಿಯ ನವಿಲು, ಗಾಜಿನ ಚೌಕಟ್ಟಿನಲ್ಲಿ ಹತ್ತಿಯ ಹಂಸ, ಇವು ನಡುಮನೆಯಲ್ಲಿ ನೇತಾಡಬೇಕು. ನಮ್ಮ ಗೋಡೆಯ ಮೇಲೆ ಕ್ಯಾಲೆಂಡರು ಬಿಟ್ಟರೆ ಏನೂ ಇರಲಿಲ್ಲ.

"ಇವಳ ಕೈಲಿ ಒಂದು ಗುಂಡಿ ಹೊಲಿಯೋಕೂ ಬರಲ್ಲ ಕಣ್ರೀ. ನೀವೇ ಏನಾದ್ರೂ ಹೇಳ್ಕೊಡಿ, ಗೋಡೆಗೆ ಹಾಕೋ ಅಂಥದ್ದು" ಎಂದು ಅಮ್ಮ ನನ್ನನ್ನು ಮಹಡಿಗೆ ದಾಟಿಸಿದಳು.

ಅಕ್ಕ ನನ್ನ ಕೈಗಳನ್ನು ಹಿಡಿದು ಮಗುಚಿ ನೋಡಿ, "ಕೈ ಚೆಂದಾಗವೆ. ಅವಸರ ಜಾಸ್ತಿ" ಎಂದರು.

ಚೌಕಟ್ಟು ಹೆಚ್ಚು ಕಡಿಮೆ ಶಾಲೆಯ ಸ್ಲೇಟಿನಷ್ಟು. ಮೇಲೆ ಕೆಳಗೆ ಸಣ್ಣ ಮೊಳೆಗಳು. ಮೊಳೆಯಿಂದ ಮೊಳೆಗೆ ಬಿಗಿದ ಹತ್ತಿಯ ದಾರ ಹಾಸು. ಬೆರಳಿನಿಂದ ಅದರ ಒಂದೊಂದು ಎಳೆಯ ಮೇಲೆ ಕೆಳಗೆ ತೂರಿಸುವ ಬಣ್ಣದ ಉಣ್ಣೆ ಹೊಕ್ಕು. ಹೊಕ್ಕನ್ನು ಮುಳ್ಳುಚಮಚದಿಂದ ಕುಟ್ಟಿ ಕೂರಿಸಿದರೆ ಹಾಸು ಕಾಣಿಸುವುದೇ ಇಲ್ಲ, ಬಣ್ಣ ಮಾತ್ರ ಉಳಿಯುತ್ತದೆ. ಕೇಳಿದರೆ ಇಷ್ಟೇ. ನಾನು ಮೊದಲ ದಿನವೇ ಸರಸರ ಎಳೆದು ಕುಟ್ಟಿದೆ. ವಾರ ಕಳೆಯುವಷ್ಟರಲ್ಲಿ ನನ್ನ ನೇಯ್ಗೆ ಕೆಳಗೆ ಅಗಲ, ನಡುವೆ ಸಣ್ಣ, ಮೇಲೆ ಮತ್ತೆ ಅಗಲವಾಯಿತು.

ಅಕ್ಕ ಚೌಕಟ್ಟನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. "ಬುಡುಬುಡುಕೆ ನೇಯ್ದಿದೀಯ ಕಣಮ್ಮಿ! ಸೊಂಟ ನೋಡು ಎಂಗೈತೆ. ಶಕುನ ಹೇಳ್ಕೊಂಡು ಬೀದಿ ಸುತ್ತು ಹೋಗು."

ನನಗೆ ಅಳು ಬಂತು. ಅವರು ನನ್ನ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. ಹೆಂಚುಗಳ ಆಚೆ ಚಾಮುಂಡಿ ಬೆಟ್ಟ ಕಾಣಿಸುತ್ತಿತ್ತು. "ಅದೆಂಗೈತೆ? ಈ ಕಡಿಂದ ಏರಿ ಆ ಕಡೀಕೆ ಇಳ್ದೈತೆ. ನೂಲೂ ಅಂಗೇ. ನೆಟ್ಟಗೆ ಎಳೀಬ್ಯಾಡ. ಬೆಟ್ಟ ಹಾಕು, ಆಮ್ಯಾಕೆ ಮೆಲ್ಲಗೆ ಕೂರ್ಸು. ಬೆಟ್ಟದಾಗೆ ಇರೋ ಹೆಚ್ಗೆ ನೂಲು ಹಾಸಿನ ಸಂದೀಲಿ ಹೋಗಿ ಕೂತ್ಕತದೆ. ಎಳ್ದ್ರೆ ಅದಕ್ಕೆ ಜಾಗ ಎಲ್ಲೈತೆ?"

ಬೆಟ್ಟ ಹಾಕು. ಆಮೇಲಿನ ತಿಂಗಳುಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ಒಲೆಯ ಮುಂದಿದ್ದರೂ, ಬೆನ್ನು ತಿರುಗಿಸಿ ಅಕ್ಕಿ ಆರಿಸುತ್ತಿದ್ದರೂ, ಚಮಚ ಕುಟ್ಟುವ ಸದ್ದಿನಲ್ಲಿಯೇ ಅವರಿಗೆ ತಿಳಿದುಬಿಡುತ್ತಿತ್ತು. "ಬೆಟ್ಟ ಎಲ್ಲಮ್ಮಿ?"

ನನ್ನ ಎರಡನೆಯ ನೇಯ್ಗೆ, ಹಸಿರು ನೆಲದ ಮೇಲೆ ಕೆಂಪು ಅಕ್ಷರದಲ್ಲಿ "ಸ್ವಾಗತ". ಅಕ್ಕನಿಗೆ ಅದು ಮೊದಲಿನಿಂದಲೇ ಇಷ್ಟವಿರಲಿಲ್ಲ. "ನಿಮ್ಮಪ್ಪನ ಅಕ್ಷರಕ್ಕೆಲ್ಲ ಹೊಟ್ಟೆ ಕಣಮ್ಮಿ. ಇಲ್ಲಿ ಎಲ್ಲಾನೂವೆ ಮೆಟ್ಲು ಮೆಟ್ಲಾಗೇ ಹತ್ಬೇಕು. ಹೊಟ್ಟೇನ ಮೆಟ್ಲು ಹತ್ಸೋದೆಂಗೆ?" ನಮ್ಮಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕಂಪೋಸಿಟರ್. ಅದಕ್ಕೇ ಅಕ್ಕನ ಬಾಯಲ್ಲಿ ಕನ್ನಡದ ಅಕ್ಷರಗಳೆಲ್ಲ ಅವರ ಆಸ್ತಿ. ಆದರೂ ಅಕ್ಷರಗಳ ದುಂಡು ಹೊಟ್ಟೆಗಳನ್ನು ಮೆಟ್ಟಿಲು ಹತ್ತಿಸಿದೆವು. ನೇಯುವವರ ಕಡೆ ಇರುವುದು ಚಿತ್ರದ ಬೆನ್ನು, ಮುಖ ಆ ಕಡೆ ಎಂದು ಅಕ್ಕ ಹೇಳಿದ್ದರು. ನಾನು ಕೇಳಿಸಿಕೊಂಡೂ ಇದ್ದೆ. ಆದರೆ ಹಾಸಿನ ಹಿಂದೆ ಅಂಟಿಸಿದ ಕಾಗದದಲ್ಲಿ ಅಕ್ಷರವನ್ನು ನನ್ನ ಕಣ್ಣಿಗೆ ನೇರವಾಗಿ ಬರೆದಿದ್ದೆ. ಚೌಕಟ್ಟಿನಿಂದ ಕತ್ತರಿಸಿ ತಿರುಗಿಸಿದಾಗ ಸ್ವಾಗತ ಕನ್ನಡಿಯೊಳಗಿನ ಸ್ವಾಗತವಾಗಿತ್ತು. ಬೆನ್ನಿನ ಕಡೆಯೆಲ್ಲ ನೂಲಿನ ತುದಿಗಳು, ಅದನ್ನು ಮುಂದು ಮಾಡಿ ಹಾಕುವಂತೆಯೂ ಇರಲಿಲ್ಲ.

ಅಪ್ಪ ಕೆಲಸದಿಂದ ಬಂದವರು ಅದನ್ನು ಕೈಗೆತ್ತಿಕೊಂಡು, "ಸ್ವಾಗತ. ಭೇಷ್!" ಎಂದು ಓದಿ ಮಡಿಸಿಟ್ಟರು.

"ತಿರುವುಮುರುವಾಗಿದೆ ಅಪ್ಪ."

ಮತ್ತೆ ಬಿಚ್ಚಿ ನೋಡಿದರು. ದಿನವಿಡೀ ಸೀಸದ ಮೊಳೆಗಳನ್ನು ತಿರುವುಮುರುವಾಗಿಯೇ ಓದುವ ಕಣ್ಣು. "ಎಲ್ಲಿ? ಸರಿಯಾಗೇ ಇದೆಯಲ್ಲೇ!"

ಅಕ್ಕ ಮೆಟ್ಟಿಲ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ನಕ್ಕದ್ದನ್ನು ನಾನು ಆಮೇಲೆ ನೋಡಿಲ್ಲ. ಶ್ರಾವಣದಲ್ಲಿ ಗಂಡಿನವರು ಬರುವ ದಿನ ಗೊತ್ತಾದಾಗ ಅಮ್ಮ, "ಬಣ್ಣ ಚೆನ್ನಾಗಿದೆ, ಯಾರು ಓದ್ತಾರೆ, ನೇತುಹಾಕು" ಎಂದಳು. ಹುಡುಗನ ಸೋದರಮಾವ ಅದರ ಮುಂದೆ ನಿಂತು ಕತ್ತನ್ನು ಆ ಕಡೆ ಈ ಕಡೆ ವಾಲಿಸಿ, "ಇವರು ತೆಲುಗಿನವರೇನ್ರೀ?" ಎಂದು ಕೇಳಿದರು. ಆ ಸಂಬಂಧ ಮುಂದುವರಿಯಲಿಲ್ಲ. ಕಾರಣ ಇದೊಂದೇ ಎಂದು ಹೇಳಲಾರೆ.

ನನ್ನ ಸ್ವಾಗತ ಇಳಿದ ಮೇಲೆ ಚೌಕಟ್ಟಿನಲ್ಲಿ ಅಕ್ಕ ತಮ್ಮದೊಂದನ್ನು ಹೂಡಿದರು. ಮಣ್ಣಿನ ಗೋಡೆ, ಎರಡು ಕಡೆ ಜಗಲಿ, ನಡುವೆ ಎರಡು ಕದದ ಬಾಗಿಲು. ಹಳ್ಳಿಯಲ್ಲಿ ಗಂಡನ ಮನೆಯ ಮುಂಬಾಗಿಲು ಅದು. ಕದಗಳಿಗೆ ಖಾಕಿ ಉಣ್ಣೆ. ಗಂಡ ಕೊನೆಯ ಸಲ ರಜೆಗೆ ಬಂದಾಗ ಬಿಟ್ಟುಹೋಗಿದ್ದ ಸ್ವೆಟರನ್ನು ಪೆಟ್ಟಿಗೆಯಲ್ಲಿ ನುಸಿ ತಿನ್ನತೊಡಗಿತ್ತು. "ನುಸಿ ಬಾಯಿಗೆ ಬೀಳಾಕಿಂತ ನನ್ ಕೈಯಾಗೆ ಇರ್ಲಿ" ಎಂದು ಬಿಚ್ಚಿದರು. ಬಿಚ್ಚಿದ ಉಣ್ಣೆ ಗುಂಗುರು ಗುಂಗುರಾಗಿ ಬಂತು. ಅನ್ನ ಕುದಿಯುವ ಪಾತ್ರೆಯ ಹಬೆಯ ಮೇಲೆ ಹಿಡಿದು ಅದನ್ನು ನೆಟ್ಟಗೆ ಮಾಡುತ್ತಿದ್ದರು. ಕೋಣೆಯಲ್ಲಿ ಆ ಹೊತ್ತು ಹಳೆಯ ಉಣ್ಣೆಯದೂ ಅನ್ನದ್ದೂ ಸೇರಿದ ಒಂದು ವಾಸನೆ ತುಂಬುತ್ತಿತ್ತು. ಈಗಲೂ ಎಲ್ಲಿಯಾದರೂ ಒದ್ದೆ ಉಣ್ಣೆಯ ವಾಸನೆ ಬಂದರೆ ನನಗೆ ಹಸಿವಾಗುತ್ತದೆ.

ಈ ನೇಯ್ಗೆಯಲ್ಲಿ ಎರಡು ಬೇರೆ ಬೇರೆ ನೂಲುಗಳು ಒಂದು ನೇರ ಗೆರೆಯಲ್ಲಿ ಎದುರಾಗಿ, ತಮ್ಮ ತಮ್ಮ ಕಡೆಗೆ ಹಿಂದಿರುಗಿದರೆ ನಡುವೆ ಸಂದು ಉಳಿಯುತ್ತದೆ. ಅಕ್ಕ ಅದನ್ನು ಸೀಳು ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಹಿಂದಿನಿಂದ ಸೂಜಿಯಲ್ಲಿ ಹೊಲಿಯಬೇಕು. ಇಲ್ಲದಿದ್ದರೆ ಗೋಡೆಯ ಮೇಲೆ ಜೋತುಬಿದ್ದು ಬಾಯಿ ಬಿಡುತ್ತದೆ. ಅಕ್ಕನ ಬಾಗಿಲಿನಲ್ಲಿ ಎಡಗದಕ್ಕೆ ಒಂದು ನೂಲು, ಬಲಗದಕ್ಕೆ ಒಂದು ನೂಲು. ಎರಡೂ ಖಾಕಿಯೇ.

"ಬಣ್ಣ ಒಂದೇ ಅಲ್ವಾ ಅಕ್ಕ? ಒಂದೇ ನೂಲಲ್ಲಿ ಈ ಕಡೆಯಿಂದ ಆ ಕಡೆಗೆ ಹೋಗಬಹುದಿತ್ತಲ್ಲ, ಸೀಳೂ ಬರುತ್ತಿರಲಿಲ್ಲ, ಹೊಲಿಯೋ ಕೆಲಸವೂ ತಪ್ಪುತ್ತಿತ್ತು."

"ಕದ ಎರಡು ಕಣಮ್ಮಿ. ಒಂದಕ್ಕೊಂದು ಅಂಟ್ಕೊಂಬುಟ್ರೆ ತೆಗ್ಯೋದೆಂಗೆ?"

ಬಾಗಿಲು ಅರ್ಧ ಎತ್ತರಕ್ಕೆ ಬಂದಿದ್ದಾಗ ಅತ್ತೆಯವರೂ ಭಾವನವರೂ ಬಂದರು.

ಅತ್ತೆಗೆ ಬಹಳ ವಯಸ್ಸಾಗಿತ್ತು. ಭಾವ ಅವರನ್ನು ಬಸ್ಸಿನಿಂದ ಇಳಿಸಿ, ಮೆಟ್ಟಿಲ ಮೇಲೆ ಹೆಚ್ಚುಕಡಿಮೆ ಎತ್ತಿಕೊಂಡೇ ಬಂದಿದ್ದರು. ಅಕ್ಕ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಮುದ್ದೆಗೆ ಎಸರಿಟ್ಟರು. ಉಣ್ಣುವವರೆಗೆ ಯಾರೂ ವಿಷಯ ಎತ್ತಲಿಲ್ಲ. ಉಂಡು ಕೈ ತೊಳೆದ ಮೇಲೆ ಭಾವ ಗೋಡೆಯ ಕಡೆ ನೋಡಿಕೊಂಡು ಹೇಳಿದರು. ಹನ್ನೆರಡು ವರ್ಷ ತುಂಬಿ ಆಯಿತು. ದರ್ಭೆಯಲ್ಲಿ ಬೊಂಬೆ ಮಾಡಿ, ಅವನ ಬಟ್ಟೆ ಸುತ್ತಿ ದಹನ ಮಾಡಿದರೆ ಆಯಿತು ಎಂದು ಪುರೋಹಿತರು ಹೇಳಿದ್ದಾರೆ. ಮಹಾಲಯ ಅಮಾವಾಸ್ಯೆಗೆ ಮೊದಲೇ ಆಗಬೇಕು. "ಅವನ್ದು ಒಂದು ಬಟ್ಟೆ ಕೊಡವ್ವ. ನೀನೂ ಬಾ. ಆಗೋದೆಲ್ಲ ಆಗ್ಬುಡ್ಲಿ."

ಆಗುವುದೆಲ್ಲ ಎಂದರೆ ಏನು ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಳೆ, ಕುಂಕುಮ, ಹೂವು.

ಆಗ ಅತ್ತೆ ತೆವಳಿಕೊಂಡು ಚೌಕಟ್ಟಿನ ಹತ್ತಿರ ಬಂದು ಖಾಕಿ ಕದವನ್ನು ಬೆರಳಿನಿಂದ ಮುಟ್ಟಿದರು. "ಇದು ನಮ್ಮನೆ ಬಾಗ್ಲಲ್ವಾ?" ಎಂದರು. ಆಮೇಲೆ ಸೊಸೆಯ ಮೊಣಕೈ ಹಿಡಿದುಕೊಂಡು ಹೇಳಿದ ಮಾತು ಇದು: "ವರ್ಷಾ ವರ್ಷಾ ನಿಮ್ಮಾವಂಗೆ ಎಡೆ ಇಡ್ತೀನಿ ಕಣವ್ವ. ಪಕ್ಕದಾಗೆ ಇವ್ನಿಗೂ ಒಂದೆಲೆ ಹಾಕಾನ ಅಂತ ಕೈ ಹೋಯ್ತದೆ. ಇಟ್ರೆ ಬದ್ಕಿರೋ ಮಗಂಗೆ ಪಿಂಡ ಇಟ್ಟಂಗೆ. ಇಡ್ದಿದ್ರೆ ಸತ್ತಿರೋ ಮಗ ಹಸ್ಕೊಂಡು ಬಾಗ್ಲಾಗೆ ನಿಂತಂಗೆ. ಎಲೆ ಹಾಕ್ತೀನಿ, ಎತ್ತಿಡ್ತೀನಿ. ಎಲೆ ಹಾಕ್ತೀನಿ, ಎತ್ತಿಡ್ತೀನಿ. ನಾನ್ ಹೋಗೋಕೆ ಮುಂಚೆ ಅವ್ನಿಗೊಂದ್ ತುತ್ತು ಇಟ್ಟು ಹೋಯ್ತೀನಿ, ಆಗಾಕಿಲ್ಲ ಅನ್ಬ್ಯಾಡ."

ಅಕ್ಕ ಒಂದು ರಾತ್ರಿ ಟೈಮು ಕೊಡಿ ಎಂದರು. ನಾನು ಕೆಳಗೆ ಬಂದೆ.

ಮರುದಿನ ಬೆಳಗ್ಗೆ ಅಮ್ಮ ಅವರಿಗೆಂದು ಕೊಟ್ಟ ಕಾಫಿಯ ಚೊಂಬು ಹಿಡಿದು ನಾನು ಮೇಲೆ ಹೋದಾಗ ಅಕ್ಕ ಕತ್ತರಿ ಹಿಡಿದು ಚೌಕಟ್ಟಿನ ಮುಂದಿದ್ದರು. ನೇಯ್ದದ್ದನ್ನು ಮುಟ್ಟಲಿಲ್ಲ. ಎರಡು ಕದಗಳಿಂದ ನೇತಾಡುತ್ತಿದ್ದ ಎರಡು ಎಳೆಗಳನ್ನು ಕತ್ತರಿಸಿ, ಮಿಕ್ಕ ಖಾಕಿ ಉಣ್ಣೆಯನ್ನೆಲ್ಲ ಸೇರಿಸಿ ಉಂಡೆ ಸುತ್ತಿ, ಅತ್ತೆಯ ಮಡಿಲಿಗೆ ಹಾಕಿದರು.

"ಇದೇ ಅವ್ರ ಸ್ವೆಟ್ರು ಅತ್ತೆ. ಬೇರೆ ಬಟ್ಟೆ ನನ್ತಾವ ಇಲ್ಲ. ಇದನ್ನೇ ಸುತ್ತಿ. ಎಡೆ ಇಡಿ, ಹೊಟ್ಟೆ ತುಂಬ ಇಡಿ. ನಾನು ಬರಾಕಿಲ್ಲ. ಬಳೆ ತೆಗ್ಯಾಕಿಲ್ಲ. ನಿಮ್ಗೆ ಮಗ ಹೋದ್ರು. ನಂಗೆ ಅವ್ರು ಹೊರಕ್ಕೋಗವ್ರೆ."

ಭಾವ ಎದ್ದು ನಿಂತರು. "ಅದೆಂಗವ್ವ ಆಯ್ತದೆ? ಒಂದೇ ಮನೇಲಿ ಒಬ್ಬ ಸತ್ತೂ ಇರ್ತಾನೆ, ಬದ್ಕೂ ಇರ್ತಾನಾ? ಊರವ್ರು ನಗಾಕಿಲ್ವಾ?"

ಅತ್ತೆ ಉಂಡೆಯನ್ನು ಎರಡು ಕೈಯಲ್ಲಿ ಹಿಡಿದು ಮೂಸಿ ನೋಡುತ್ತಿದ್ದರು. ತಲೆಯೆತ್ತದೆ, "ನಗ್ಲಿ ಬುಡ್ಲಾ. ಊರ್ನೋರ್ಗೆ ಬ್ಯಾರೆ ಕ್ಯಾಮೆ ಏನೈತೆ?" ಎಂದರು. ಉಂಡೆಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತ, "ನನ್ ಮಗ ನಂಗೆ. ಅವ್ಳ್ ಗಂಡ ಅವ್ಳಿಗೆ" ಎಂದರು. ಭಾವ ಕಾಫಿ ಕುಡಿಯದೆ ಕೆಳಗಿಳಿದು ಹೋಗಿ ಬೀದಿಯಲ್ಲಿ ನಿಂತರು.

ಕ್ರಿಯೆಯನ್ನು ನಾನು ನೋಡಿಲ್ಲ. ಮಾರನೆಯ ವರ್ಷ ಕಣ್ಣಿನ ಆಸ್ಪತ್ರೆಗೆಂದು ಬಂದಿದ್ದ ಅತ್ತೆ ಹೇಳಿದ್ದು: ಉಣ್ಣೆಯನ್ನು ದರ್ಭೆಯ ಬೊಂಬೆಗೆ ತಾವೇ ಸುತ್ತಿದರಂತೆ. ಅಮಾವಾಸ್ಯೆಯಂದು ಎಡೆಯಲ್ಲಿ ಹುರುಳಿ ಸಾರು, ಮುದ್ದೆ, ಒಬ್ಬಟ್ಟಿನ ಜೊತೆ ಒಂದು ಕಟ್ಟು ಬೀಡಿ ಇಟ್ಟರಂತೆ. "ಸೇದೋದು ಅವ್ವಂಗೆ ಗೊತ್ತಿಲ್ಲ ಅಂದ್ಕಂಡಿದ್ದ, ಕಳ್ಳ ನನ್ಮಗ."

ಅಕ್ಕ ಚೌಕಟ್ಟನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಅದೊಂದೇ ಚೌಕಟ್ಟು, ಆದ್ದರಿಂದ ನೇಯ್ಗೆ ನಿಂತಿತು. ಊರಿನಲ್ಲಿ ಕ್ರಿಯೆ ಮುಗಿದ ಸುದ್ದಿ ವಠಾರಕ್ಕೂ ಬಂತು. ಇನ್ನು ಅವರು ಕುಂಕುಮ ಇಡುವುದು ಸರಿಯೇ ಎಂದು ನಲ್ಲಿಯ ಹತ್ತಿರ ಮಾತಾಯಿತು. ನಮ್ಮಮ್ಮ ಆ ಮಾತಿಗೆ ಸೇರಲಿಲ್ಲ. ಆದರೆ, "ಮದುವೆಯಾಗಬೇಕಾದ ಹುಡುಗಿ, ಸ್ವಲ್ಪ ದಿನ ಮೇಲೆ ಹೋಗಬೇಡ" ಎಂದಳು. ಸ್ವಲ್ಪ ದಿನ ತಿಂಗಳುಗಳಾದವು. ಮಧ್ಯಾಹ್ನ ಊಟವಾದ ಮೇಲೆ ನಾನು ಹಿತ್ತಲಿನ ಕಟ್ಟೆಯ ಮೇಲೆ ಕುಳಿತು ಮಹಡಿಯ ಕಿಟಕಿ ನೋಡುತ್ತಿದ್ದೆ. ಚಮಚ ಕುಟ್ಟುವ ಸದ್ದು ಕೇಳಿಸುತ್ತದೇನೋ ಎಂದು ಕಾಯುತ್ತಿದ್ದೆ. ಮೆಟ್ಟಿಲ ಬಳಿ ಎದುರಾದರೆ ಅಕ್ಕ ನನ್ನ ಜಡೆಯನ್ನು ಒಮ್ಮೆ ಎಳೆದು ಮೇಲೆ ಹೋಗುತ್ತಿದ್ದರು. ಕುಂಕುಮ ಮೊದಲಿನಷ್ಟೇ ದೊಡ್ಡದಾಗಿತ್ತು.

ಮುಂದಿನ ಗೌರಿ ಹಬ್ಬಕ್ಕೆ ಅಮ್ಮ ಎಂದಿನಂತೆ ಮೊರಗಳಿಗೆ ಅರಿಶಿನ ಹಚ್ಚಿ ಒಣಗಿಸಿದಳು. ಬಾಗಿನಗಳನ್ನೆಲ್ಲ ಕೊಟ್ಟು ಬಂದ ಮೇಲೂ ಒಂದು ಮೊರ ಉಳಿದಿತ್ತು. ಅದನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದವಳು, ಇದ್ದಕ್ಕಿದ್ದಂತೆ ಎದ್ದು ಸೆರಗಿನಲ್ಲಿ ಅದನ್ನು ಹಿಡಿದು ಮೆಟ್ಟಿಲು ಹತ್ತಿದಳು. ನಾನು ಹಿಂದೆಯೇ ಹೋದೆ.

ಬಾಗಿಲಲ್ಲಿ ನಿಂತು ಅಮ್ಮ ಕೇಳಿದಳು, "ಕೊಡ್ಲಾ ಬೇಡ್ವಾ, ನೀವೇ ಹೇಳಿಬಿಡಿ ಅಕ್ಕ. ನಂಗೆ ಗೊತ್ತಾಗ್ತಿಲ್ಲ."

"ಕೊಡೋಕೆ ನಿಮ್ಗೆ ಧೈರ್ಯ ಐತಾ ಅಮ್ಮಾರೆ?"

"ಅಷ್ಟೊಂದಿಲ್ಲ."

"ತಕ್ಕಳಾಕೆ ನಂಗೈತೆ. ಕೊಡಿ."

ಅಮ್ಮ ಕೊಟ್ಟಳು. ಅಕ್ಕ ಸೆರಗೊಡ್ಡಿ ತೆಗೆದುಕೊಂಡರು. ಇಳಿದು ಬರುವಾಗ ಅಮ್ಮ ನನಗೆ ಹೇಳಿದಳು, "ನಾಳೆಯಿಂದ ಮೇಲೆ ಹೋಗು. ಸುಮ್ಮನೆ ಕೂತು ಕೆಟ್ಟಿದೀಯ."

ಮಾರನೆಯ ಮಧ್ಯಾಹ್ನ ಚೌಕಟ್ಟು ಮತ್ತೆ ಬೆಳಕಿಗೆ ತಿರುಗಿತು. ಅರ್ಧ ಬಾಗಿಲು ಹಾಗೆಯೇ ನಿಂತಿತ್ತು. ಖಾಕಿ ಇರಲಿಲ್ಲ. ನನ್ನ ಸ್ವಾಗತದಲ್ಲಿ ಉಳಿದಿದ್ದ ಹಸಿರು ಉಣ್ಣೆಯನ್ನು ಕೆಳಗಿನಿಂದ ತರುವಂತೆ ಅಕ್ಕ ಹೇಳಿದರು.

"ಬಣ್ಣ ಸೇರಲ್ಲ ಅಕ್ಕ."

"ಸೇರ್ದಿದ್ರೆ ಬುಡು. ಬಾಗ್ಲು ಅರ್ಧಕ್ಕೆ ನಿಂತ್ರೆ ನಾಯಿ ನುಗ್ತವೆ." ಚೌಕಟ್ಟನ್ನು ನಮ್ಮಿಬ್ಬರ ನಡುವೆ ಎಳೆದುಕೊಂಡರು. "ಆ ಕದ ನಿಂದು, ಈ ಕದ ನಂದು. ಗಡಿ ದಾಟ್ಬ್ಯಾಡ. ಬಂದು, ಮುಟ್ಟಿ, ತಿರೀಕ್ಕೊ."

ಹಾಗೆ ನೇಯ್ದೆವು. ಅವರ ಬೆರಳು ಬಲಗಡೆಯಿಂದ ಬಂದು ನಡುವಿನ ಗೆರೆಯಲ್ಲಿ ತಿರುಗಿ ಹೋಗುತ್ತಿತ್ತು. ನನ್ನದು ಎಡಗಡೆಯಿಂದ ಬಂದು ಅದೇ ಗೆರೆಯಲ್ಲಿ ತಿರುಗುತ್ತಿತ್ತು. ಕೆಲವು ಸಲ ಬೆರಳುಗಳು ತಾಗುತ್ತಿದ್ದವು. ಒಂದೇ ಮುಳ್ಳುಚಮಚವನ್ನು ಅವರು ನನಗೆ, ನಾನು ಅವರಿಗೆ ದಾಟಿಸುತ್ತಿದ್ದೆವು. ಒಂದು ವರ್ಷ ಮುಟ್ಟದಿದ್ದ ಕೈ, ನನಗೆ ಬೆಟ್ಟ ಮರೆತುಹೋಗಿತ್ತು. ಅದಕ್ಕಿಂತ ಹೆಚ್ಚಾಗಿ, ಎಲ್ಲಿ ತಪ್ಪುತ್ತೇನೋ ಎಂಬ ಹೆದರಿಕೆಯಲ್ಲಿ ನೂಲನ್ನು ಬಿಗಿಹಿಡಿದು ಎಳೆಯುತ್ತಿದ್ದೆ. ಅಕ್ಕ ಎಂದಿನಂತೆ "ಬೆಟ್ಟ ಎಲ್ಲಮ್ಮಿ?" ಎಂದು ಕೇಳಲಿಲ್ಲ. ಕೇಳದ್ದನ್ನು ನಾನು ಆಗ ಗಮನಿಸಲೂ ಇಲ್ಲ.

ಚೌಕಟ್ಟಿನಿಂದ ಇಳಿಸಿ ನೆಲದ ಮೇಲೆ ಹಾಸಿದಾಗ ಕಂಡಿತು. ಅವರ ಕದ ಕೆಳಗಿನಿಂದ ಮೇಲಿನವರೆಗೆ ನೂಲು ಹಿಡಿದಂತೆ ನೇರ. ನನ್ನ ಕದ ಹಸಿರು ಶುರುವಾದಲ್ಲಿಂದ ಒಳಕ್ಕೆ ಸರಿದು ಸಣ್ಣಗಾಗುತ್ತ ಹೋಗಿತ್ತು. ಕೆಳಗೆ ಮುಚ್ಚಿಕೊಂಡಿದ್ದ ಸೀಳು ಮೇಲೆ ತೆರೆದುಕೊಂಡು, ಹಿಂದಿನ ನೆಲ ಕಾಣುತ್ತಿತ್ತು.

"ಬಿಚ್ಚಿ ಮತ್ತೆ ನೇಯ್ತೀನಿ ಅಕ್ಕ" ಎಂದೆ. "ಇಲ್ಲಾಂದ್ರೆ ಸೂಜಿ ಕೊಡಿ, ಎಳೆದು ಹೊಲಿದರೆ ಮುಚ್ಚಿಕೊಳ್ಳುತ್ತೆ."

ಅಕ್ಕ ಬಗ್ಗಿ ಆ ಸಂದಿಗೆ ಕಿರುಬೆರಳಿಟ್ಟು ನೋಡಿದರು. "ಬುಡು" ಎಂದರು. "ಬಾಗ್ಲು ತೆಕ್ಕೊಂಡೈತೆ, ಇರ್ಲಿ."

ಅದನ್ನು ಕಿಟಕಿಯ ಪಕ್ಕದ ಗೋಡೆಗೆ ಹಾಕಿದರು.

೧೯೫೯ರಲ್ಲಿ ಅಪ್ಪನ ಅಚ್ಚುಕೂಟದಲ್ಲಿ ನನಗೆ ಕರಡು ತಿದ್ದುವ ಕೆಲಸ ಸಿಕ್ಕಿತು. ಅಲ್ಲಿಂದ ಊರಿನ ದಿನಪತ್ರಿಕೆಯೊಂದಕ್ಕೆ ಸುದ್ದಿ ಬರೆಯುವ ಕೆಲಸಕ್ಕೆ ಹೋದೆ. ಮದುವೆಯ ಮಾತು ಕ್ರಮೇಣ ನಿಂತಿತು. ಸಂಜೆಯ ಪಾಳಿ ಮುಗಿಸಿ ಬರುವಾಗ ಮಹಡಿಯಲ್ಲಿ ದೀಪವಿದ್ದರೆ ಮೇಲೆ ಹೋಗಿ ಒಂದು ಗಳಿಗೆ ಕೂರುತ್ತಿದ್ದೆ. ಸುದ್ದಿ ಏನು ಎಂದು ಅಕ್ಕ ಕೇಳುತ್ತಿದ್ದರು. ಎಲ್ಲ ಹೇಳುತ್ತಿದ್ದೆ. ಕೊನೆಯಲ್ಲಿ, "ಬರ್ಮಾ ಕಡೆ ಏನಾರ ಬಂತಾ?" ಎನ್ನುತ್ತಿದ್ದರು. ಪತ್ರಿಕೆಗೆ ಬರುವ ತಂತಿ ಸುದ್ದಿಯಲ್ಲಿ ಆ ಕಡೆಯ ಊರಿನ ಹೆಸರು ಬಂದ ದಿನ, ಅದು ಒಂದು ಸಾಲಿನ ಅಕ್ಕಿ ವ್ಯಾಪಾರದ ಸುದ್ದಿಯಾದರೂ, ನಾನು ಅದನ್ನು ಅವರಿಗೆ ಓದಿಹೇಳುತ್ತಿದ್ದೆ. ಅವರು ಪೂರ್ತಿ ಕೇಳಿ, "ಮಳೆ ಆಗೈತೆ ಅನ್ನು ಹಂಗಾರೆ" ಎನ್ನುತ್ತಿದ್ದರು. ಕೆಲಸದಲ್ಲಿ ನನ್ನ ವಾಕ್ಯ ಬಿಗಿಯಾಗಿ ಉಸಿರುಕಟ್ಟಿದಾಗ ನಾನು ಈಗಲೂ ಕೇಳಿಕೊಳ್ಳುವುದು ಅವರ ಪ್ರಶ್ನೆಯನ್ನೇ. ಬೆಟ್ಟ ಎಲ್ಲಿ?

ಅತ್ತೆ ೧೯೬೧ರಲ್ಲಿ ತೀರಿಕೊಂಡರು. ಅಕ್ಕ ಹಳ್ಳಿಗೆ ಹೋಗಿ ಬಂದರು.

೧೯೬೬ರ ಬೇಸಿಗೆಯಲ್ಲಿ ಜ್ವರ ಬಂದು ಅಕ್ಕನನ್ನು ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಅಲ್ಲಿಯೇ ಹೋದರು. ದೇಹವನ್ನು ವಠಾರಕ್ಕೆ ತಂದು ಮೆಟ್ಟಿಲ ಕೆಳಗಿನ ಪಡಸಾಲೆಯಲ್ಲಿ ಮಲಗಿಸಿದ್ದೆವು. ಆಸ್ಪತ್ರೆಯಲ್ಲಿ ಹಣೆ ಒರೆಸಿದ್ದರು, ಬಳೆ ತೆಗೆದಿದ್ದರು. ಇನ್ನು ಕುಂಕುಮ ಇಡಬೇಕೋ ಬೇಡವೋ, ಮುತ್ತೈದೆಯಂತೆ ಕಳಿಸಬೇಕೋ ಹೇಗೆ ಎಂದು ಹೆಂಗಸರಲ್ಲಿ ಮಾತು ಶುರುವಾಯಿತು. ಅಮ್ಮ ತಲೆಯ ಹತ್ತಿರ ಕುಳಿತಿದ್ದಳು. ಊರಿನವರು ಬರಲಿ, ಅವರು ಹೇಳಿದಂತಾಗಲಿ ಎಂದರು ಯಾರೋ.

ನಡುಮಧ್ಯಾಹ್ನದ ಬಸ್ಸಿಗೆ ಭಾವ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಹೆಗಲ ಟವೆಲಿನಲ್ಲಿ ಗಂಟು. ಕಾಲಿನ ಹತ್ತಿರ ಒಂದು ಗಳಿಗೆ ನಿಂತರು. ಗಂಟು ಬಿಚ್ಚಿ ಅಮ್ಮನ ಮುಂದಿಟ್ಟರು. ದಾರಿಯಲ್ಲಿ ಮಾರುಕಟ್ಟೆಗೆ ಹೋಗಿ ತಂದಿದ್ದರು. ಅರಿಶಿನ, ಕುಂಕುಮ, ಒಂದು ಮೊಳ ಮಲ್ಲಿಗೆ, ಹಸಿರು ಗಾಜಿನ ಬಳೆ.

"ಇದ್ನೆಲ್ಲ ಹಾಕ್ಬುಡಿ ತಾಯಿ."

ಎದುರು ಮನೆಯವರು ಮೆಲ್ಲಗೆ ಕೇಳಿದರು, "ತಿಥಿ ಆಗಿತ್ತಲ್ಲ ಯಜಮಾನ್ರೇ, ನೀವೇ ಮಾಡ್ಸಿದ್ದಲ್ವಾ?"

"ಅದು ನಮ್ಮವ್ವನ ಮಗಂಗೆ ಮಾಡಿದ್ದು" ಎಂದರು ಭಾವ.

ಅಮ್ಮ ಬಳೆ ತೊಡಿಸಿದಳು. ಹಣೆಗೆ ಕುಂಕುಮ ಇಟ್ಟಳು, ಅಕ್ಕ ಇಟ್ಟುಕೊಳ್ಳುತ್ತಿದ್ದಷ್ಟೇ ಅಗಲ.

ಎಲ್ಲ ಮುಗಿದ ಮೇಲೆ ಭಾವ ಕೋಣೆ ಖಾಲಿ ಮಾಡಲು ಬಂದರು. ಚೌಕಟ್ಟನ್ನೂ ಮುಳ್ಳುಚಮಚವನ್ನೂ ಊರಿಗೆ ಒಯ್ದರು, ಮೊಮ್ಮಗಳು ಕೇಳಿದ್ದಾಳೆ ಎಂದರು. ಗೋಡೆಯ ಮೇಲಿನ ಬಾಗಿಲನ್ನು ತಾವೇ ಇಳಿಸಿ ನನ್ನ ಕೈಗೆ ಕೊಟ್ಟರು. "ಇದು ನಿನ್ತಾವ್ಲೇ ಇರ್ಲಿ ಕೂಸೇ. ಒಂದ್ ಕದ ನೀನೇ ನೇಯ್ದಿದ್ದಂತೆ."

ಅದು ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಕದಗಳ ಕೆಳಗಿನರ್ಧ ಖಾಕಿ, ಮೇಲಿನರ್ಧ ಹಸಿರು. ಉಣ್ಣೆಯ ಭಾರಕ್ಕೆ ವರ್ಷ ವರ್ಷ ಜಗ್ಗಿ, ಸೀಳು ಮೇಲ್ಗಡೆ ಹೆಬ್ಬೆರಳು ಹೋಗುವಷ್ಟು ಬಿಟ್ಟುಕೊಂಡಿದೆ. ಅಕ್ಕನ ಗಂಡನ ಬಗ್ಗೆ ಈವರೆಗೆ ಯಾವ ಸುದ್ದಿಯೂ ಬಂದಿಲ್ಲ. ಸೀಳನ್ನು ಹೊಲಿದಿಲ್ಲ.